ಇಸಾಕ್ ಅಂದರೆ ಏನು, ಭಾವ?

ನಮ್ಮ ಭಾವನನ್ನು ನಾಮಕರಣಕ್ಕೆ ಕರೆಯುವ ಧೈರ್ಯ ಇಡೀ ಠಾಣೆ ನಗರದಲ್ಲಿ ಯಾರಿಗೂ ಇರಲಿಲ್ಲ! ಕರೆಯದಿದ್ದರೂ ಬರುತ್ತಿದ್ದರು, ಆ ಮಾತು ಬೇರೆ. ಎಲೆಯ ಮುಂದೆ ಕೂತು ಮಗುವಿನ ಅಪ್ಪನನ್ನು ಹಿಡಿಯುತ್ತಿದ್ದರು: "ಹೆಸರಿನ ಅರ್ಥ ಹೇಳಿ, ಆಮೇಲೆ ಪಾಯಸ." ಘೋಡಬಂದರ್ ರಸ್ತೆಯ ಐಟಿ ಹುಡುಗನೊಬ್ಬ ಪಾಪ, "ಇಂಟರ್ನೆಟ್‌ನಲ್ಲಿ ಸಿಕ್ತು ಅಂಕಲ್" ಎಂದ.

"ಅಡುಗೆ ಭಟ್ಟರಿಗಾದ್ರೂ ಪಾಯಸಕ್ಕೆ ಎಂತ ಹಾಕಿದ್ದು ಅಂತ ಗೊತ್ತುಂಟು. ನಿಮಗೆ ಮಗುವಿನ ಕಿವಿಗೆ ಎಂತ ಹಾಕಿದ್ದು ಅಂತ ಗೊತ್ತಿಲ್ವಾ?"

ಇಂಥವರ ಜೊತೆ ಸಂಸಾರ ಮಾಡಿದ ನನ್ನ ಅಕ್ಕನಿಗೆ ಯಾವ ಬಿರುದು ಕೊಡೋಣ ಹೇಳಿ! ಆದರೆ ಆ ಮನೆಗಳಲ್ಲಿ ಅಕ್ಕ ಬಾಗಿಲ ಬಳಿಯೇ ನಿಲ್ಲುತ್ತಿದ್ದಳು. ಮಕ್ಕಳಿಲ್ಲದವಳು ತೊಟ್ಟಿಲು ಮುಟ್ಟಬಾರದೆಂದು ಭಾವನ ತಾಯಿಯ ಕಟ್ಟಪ್ಪಣೆ. ಆ ಮುದುಕಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ ನಲವತ್ತು ದಾಟಿದ ಅಕ್ಕ ಬಸುರಿಯಾದಳು! ನೆಂಟರು ಬಾಯಿಗೆ ಸೆರಗು ಹಿಡಿದು ನಕ್ಕರು. ಅಕ್ಕ ಅತ್ತಳು. ಕೆಳಮನೆಯ ಯಹೂದಿ ಅಜ್ಜಿ, ಠಾಣೆಯಲ್ಲೇ ಹುಟ್ಟಿ ಮರಾಠಿಯಲ್ಲೇ ಬೆಳೆದವರು, "ರಡೂ ನಕೋ ಪೋರಿ, ಅಳಬೇಡ" ಎಂದು ಗಲ್ಲ ಹಿಡಿದು ಕತೆ ಹೇಳಿದರು. ಅವರ ಧರ್ಮಗ್ರಂಥದಲ್ಲಿ ಒಬ್ಬ ಮುದುಕಿಗೆ ಮಗುವಾಗುತ್ತದೆ ಎಂದು ದೇವರೇ ಹೇಳಿದಾಗ ಅವಳು ನಕ್ಕುಬಿಟ್ಟಳಂತೆ. ಮಗು ಹುಟ್ಟಿಯೇ ಹುಟ್ಟಿತಂತೆ. ಹೆಸರು ಇಸಾಕ್, ಹೀಬ್ರೂ ಭಾಷೆಯಲ್ಲಿ "ಅವನು ನಗುತ್ತಾನೆ" ಎಂದರ್ಥ.

ಭಾವ ಕುಣಿದುಬಿಟ್ಟರು. ಗಂಡು ಹುಟ್ಟಿದ ದಿನವೇ ಹೆಸರು ಸಾರಿಯೂ ಬಿಟ್ಟರು!

"ಎಂತ ಹೆಸರು ಮಾರಾಯ ಇದು? ಊರಲ್ಲಿ ನಾಗನಿಗೆ ಪೂಜೆ ಕೊಡುವಾಗ ಎಂತ ಹೆಸರು ಹೇಳುವುದು?" ತಾಯಿ ಹಣೆ ಚಚ್ಚಿಕೊಂಡರು.

"ನಾಗನಿಗೆ ನಕ್ಷತ್ರದ ಹೆಸರು ಹೇಳುವ, ಅಮ್ಮ. ಇದು ಕರೆಯುವ ಹೆಸರು."

"ನಾನು ಕರೆಯುವುದಿಲ್ಲ!"

ಆದರೆ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವರೇ ಅಪ್ಪನ ತಾಯಿ! ನಾಮಕರಣದ ದಿನ ಅವರು ಮುಖ ಊದಿಸಿಕೊಂಡು ಮೂಲೆ ಹಿಡಿದರು. ಭಾವನಿಂದ ಹಿಂದೆ ಪೆಟ್ಟು ತಿಂದವರೆಲ್ಲ ಸೇಡಿಗೆ ಕಾದಿದ್ದರಲ್ಲ! "ಅರ್ಥ ಹೇಳಿ ಭಾವ, ಅರ್ಥ!" ಎಂದು ಕೂಗಿದರು. ಭಾವ ತಿರುಗಿ ಅಕ್ಕನನ್ನು ನೋಡಿದರು.

ಬಾಗಿಲ ಬಳಿ ಅಭ್ಯಾಸಬಲದಿಂದ ನಿಂತಿದ್ದ ಅಕ್ಕ ಮುಂದೆ ಬಂದಳು. "ಅವನು ನಗುತ್ತಾನೆ ಅಂತ ಅರ್ಥ. ಈ ಪ್ರಾಯದಲ್ಲಿ ಬಸುರಿ ಅಂತ ನೀವೆಲ್ಲ ನಕ್ಕಿರಲ್ಲ? ಇನ್ನು ನಗುವುದು ಇವ!"

ನನ್ನ ಎದೆಯಂತೂ ಉಬ್ಬಿಹೋಯಿತು. ಮೂಲೆಯಿಂದ ಮುದುಕಿ ಎದ್ದರು. ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಇಸಾಕ್."

ಆಮೇಲೆ ಅಕ್ಕನ ಕೈ ಹಿಡಿದು ತೊಟ್ಟಿಲ ಮೇಲಿಟ್ಟರು. "ತೂಗು ಮಗಳೇ. ನಾನು ನಿನ್ನನ್ನು ತುಂಬ ದೂರ ನಿಲ್ಲಿಸಿಬಿಟ್ಟೆ."