ಬೇಡ ಎನ್ನುವವರು ಬೇಕಾಗಿದ್ದಾರೆ

ಎಮ್ಮೆ ಮಾರುವವನ ಸುಖ ಮನೆ ಮಾರುವವನಿಗಿಲ್ಲ. ಎಮ್ಮೆಯ ಮೈ ತೊಳೆದು, ಕೋಡಿಗೆ ಎಣ್ಣೆ ಸವರಿ, ಹಗ್ಗ ಹಿಡಿದು ಸಂತೆಗೆ ನಡೆಸಬಹುದು. ಒಂದು ಸಂತೆಯಲ್ಲಿ ಗಿರಾಕಿ ಸಿಗದಿದ್ದರೆ ಇನ್ನೊಂದು ಸಂತೆ ಇದ್ದೇ ಇದೆ. ಮನೆ ಹಾಗಲ್ಲ. ಅದು ಇದ್ದಲ್ಲೇ ಕುಳಿತು, ಬಂದರೆ ನೀವೇ ಬನ್ನಿ ಎನ್ನುತ್ತದೆ. ನನ್ನ ತಾಂಡೂರಿನ ಮನೆಯಂತೂ ಮಗಳ ಮದುವೆಗೆ ಬೀಗರನ್ನು ಕಾಯುವ ಮುದುಕನ ಹಾಗೆ ಬಾಗಿಲು ತೆರೆದುಕೊಂಡು ರಸ್ತೆ ನೋಡುತ್ತಿತ್ತು. ನಾನು ಜಹೀರಾಬಾದಿನಲ್ಲಿದ್ದೆ. ನನ್ನ ಹೆಂಡತಿ ಕಾಶಮ್ಮ ಆ ಮನೆಯಲ್ಲಿದ್ದಳು. ನಡುವೆ ಎರಡು ರೈಲುಗಳಿದ್ದವು, ವಿಕಾರಾಬಾದಿನಲ್ಲಿ ಒಂದರಿಂದ ಇಳಿದು ಇನ್ನೊಂದಕ್ಕಾಗಿ ಕಾಯುವ ಕಲ್ಲಿನ ಬೆಂಚೂ ಇತ್ತು. ಆ ಬೆಂಚಿನ ಮೇಲೆ ಕುಳಿತು ನಾನು ಸಂಸಾರದ ಬಗ್ಗೆ ಯೋಚಿಸಿದಷ್ಟು ಸಂಸಾರದಲ್ಲಿ ಕುಳಿತು ಯೋಚಿಸಿಲ್ಲ.

ಹೀಗಾದದ್ದು ಹೇಗೆಂದರೆ, ನಾನು ಲೆಕ್ಕ ಬರೆಯುವ ಮುನಶಿಯಾಗಿದ್ದ ಅಡತಿ ಅಂಗಡಿಯ ಸಾವಕಾರರು ತೊಗರಿ, ಜೋಳಗಳ ಖರೀದಿಗೆ ಜಹೀರಾಬಾದೇ ಮೇಲೆಂದು ಅಂಗಡಿಯನ್ನು ಅಲ್ಲಿಗೆ ಕಿತ್ತುಕೊಂಡು ಹೋದರು. ಅಂಗಡಿಯ ಗಾದಿ, ತಕ್ಕಡಿ, ಬೆಕ್ಕು, ನಾನು ಎಲ್ಲ ಒಂದೇ ದಿನ ಹೋದೆವು. ಮನೆ ಮಾರಿ, ಜಹೀರಾಬಾದಿನಲ್ಲಿ ಸಣ್ಣದೊಂದು ಮನೆ ಹಿಡಿದು ಹೆಂಡತಿಯನ್ನು ಕರೆಸಿಕೊಳ್ಳುವುದು ಎಂದು ಮಾತಾಗಿತ್ತು. ಶ್ರಾವಣದಲ್ಲಿ ಹೊರಟೆ ಎಂದು ನನ್ನ ನೆನಪು. ಕಾಶಮ್ಮ ಅದು ಮಾಘ ಎನ್ನುತ್ತಾಳೆ. ನನ್ನ ನೆನಪಿನಲ್ಲಿ ಹೊರಡುವಾಗ ಮಳೆ ಹನಿಯುತ್ತಿತ್ತು, ಅವಳು ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳನ್ನು ಕೇಳಿದರೆ ಮಳೆಯೂ ಇರಲಿಲ್ಲ, ಕಣ್ಣೀರೂ ಇರಲಿಲ್ಲ, ಒಲೆಯ ಹೊಗೆ ಇತ್ತು. ನೆನಪಿಗೆ ಬಿಟ್ಟರೆ ಅದು ಮಾರುವ ಮನೆಗೆ ಸುಣ್ಣ ಹೊಡೆದ ಹಾಗೆ ಎಲ್ಲವನ್ನೂ ಬೆಳ್ಳಗೆ ಮಾಡಿಬಿಡುತ್ತದೆ. ಅದಕ್ಕೇ ಮುಂದೆ ನಾನು ಹೇಳುವುದರಲ್ಲಿ ಚಂದವಾಗಿ ಕಂಡದ್ದನ್ನು ಸ್ವಲ್ಪ ಕೆರೆದು ನೋಡಿ ನಂಬಿರಿ.

ಅವಳೂ ಜೊತೆಗೆ ಹೊರಡಬಹುದಿತ್ತಲ್ಲ ಎಂದು ನೀವು ಕೇಳಬಹುದು, ನಾನೂ ಕೇಳಿದ್ದೆ. ಆದರೆ ಮಾರುವ ಮನೆಯಲ್ಲಿ ಸಂಜೆ ದೀಪ ತಪ್ಪಬಾರದು. ದೀಪವಿಲ್ಲದ ಮನೆಯನ್ನು ನಮ್ಮ ಕಡೆ ಯಾರೂ ಕೊಳ್ಳುವುದಿಲ್ಲ. ದೀಪ ಹಚ್ಚಲು ಜನ ಬೇಕು, ಬಾಡಿಗೆಯವರನ್ನು ಇಟ್ಟರೆ ಅವರು ಏಳುವುದಿಲ್ಲ. ಹೀಗಾಗಿ ನನ್ನ ಹೆಂಡತಿ ದೀಪ ಹಚ್ಚುವ ಕೆಲಸಕ್ಕೆ ತಾಂಡೂರಿನಲ್ಲಿ ಉಳಿದಳು, ನಾನು ಜಹೀರಾಬಾದಿನ ಖಾನಾವಳಿಯೊಂದರಲ್ಲಿ ಅನ್ನಕ್ಕೂ ಸಾರಿಗೂ ವ್ಯತ್ಯಾಸ ತಿಳಿಯದ ಊಟಕ್ಕೆ ಉಳಿದೆ. ಎರಡು ತಿಂಗಳಿನ ಮಾತು ಎಂದುಕೊಂಡಿದ್ದೆವು. ಆದರೆ ಆಗ ಕಾಳಿನ ಧಾರಣೆ ಬಿದ್ದುಹೋಗಿತ್ತು. ಹಣ ಇದ್ದವರು ಅದನ್ನು ಹೊರಗೆ ತೆಗೆಯುತ್ತಿರಲಿಲ್ಲ, ಇಲ್ಲದವರು ಮಾತ್ರ ಮನೆ ನೋಡಲು ಬರುತ್ತಿದ್ದರು.

ಗಿರಾಕಿಗಳನ್ನು ಸೆಳೆಯಲು ನಾನು ಮಾಡದ ಉಪಾಯವಿಲ್ಲ. ಮೊದಲು ಸುಣ್ಣ ಹೊಡೆಸಿದೆ. ಬಂದವನು ಗೋಡೆ ಬಡಿದು ನೋಡಿ, "ಯಾವ ಬಿರುಕು ಮುಚ್ಚಾಕ ಇಷ್ಟ ಸುಣ್ಣ ಹೊಡಿಸೀರಿ?" ಎಂದ. ಮುಂದಿನವನಿಗಾಗಿ ಸುಣ್ಣ ಕೆರೆಸಿ ಬಿರುಕು ತೋರಿಸಿದೆ. ಅವನು "ಬಿರುಕ ಅದಲ್ರೀ" ಎಂದ. ಪಡಸಾಲೆಗೆ ಹಾಸಿದ ನುಣುಪಾದ ಫರಸಿ ಕಲ್ಲು ತೋರಿಸಿದರೆ ತಾಂಡೂರಿನವರು ನಗುತ್ತಿದ್ದರು. ಈ ಊರಿನಲ್ಲಿ ಕುರಿ ದೊಡ್ಡಿಗೂ ಫರಸಿ ಹಾಸುತ್ತಾರೆ. ಎಲ್ಲಕ್ಕಿಂತ ಕಷ್ಟದ್ದು "ಯಾಕ ಮಾರಾಕತ್ತೀರಿ?" ಎಂಬ ಪ್ರಶ್ನೆ. ಅವಸರವಿದೆ ಎಂದರೆ ಬೆಲೆ ಇಳಿಯುತ್ತದೆ. ಅವಸರವಿಲ್ಲ ಎಂದರೆ, ಹಾಗಿದ್ದರೆ ಸುಗ್ಗಿ ಮುಗಿಯಲಿ ಎಂದು ಎದ್ದು ಹೋಗುತ್ತಾರೆ. ನಿಜವನ್ನೇ, ಅಂದರೆ ಹೆಂಡತಿ ಬೇಕು ಎಂದು ಒಮ್ಮೆ ಹೇಳಿ ನೋಡಿದೆ. ಆ ಮನುಷ್ಯ ನನ್ನನ್ನು ಬಹಳ ಮರುಕದಿಂದ ನೋಡಿ, ತನ್ನವಳನ್ನೂ ಕರೆದುಕೊಂಡು ಹೋಗುವಿರಾ ಎಂದು ಕೇಳಿದ.

ಕೊನೆಗೆ ನನಗೆ ಬುದ್ಧಿ ಹೊಳೆಯಿತು. ಫರಸಿಯ ಬೆಲೆ ತಾಂಡೂರಿನವರಿಗೆ ತಿಳಿಯದಿದ್ದರೆ ನಾರಾಯಣಖೇಡದವರಿಗೆ ತಿಳಿಯುತ್ತದೆ! ಅಂಗಡಿಗೆ ಮನೂರಿನಿಂದ, ನಾರಾಯಣಖೇಡದಿಂದ ಗಾಡಿಗಳು ಬರುತ್ತಿದ್ದವು. ಕಾಳು ತೂಗುತ್ತಲೇ ನಾನು ಮನೆಯನ್ನು ವರ್ಣಿಸುತ್ತಿದ್ದೆ. ಮೊದಲ ವಾರ ಇದ್ದದ್ದನ್ನು ಹೇಳಿದೆ. ಹೇಳುತ್ತಾ ಹೇಳುತ್ತಾ ಪಡಸಾಲೆ ಅಗಲವಾಯಿತು, ಬಾವಿಯ ನೀರು ಸಿಹಿಯಾಯಿತು, ಹಿತ್ತಲಿಗೆ ಬೇವಿನ ಮರ ಬಂತು. ಮುಂದೊಮ್ಮೆ ನಾನೇ ತಾಂಡೂರಿಗೆ ಹೋಗಿ ಹಿತ್ತಲಲ್ಲಿ ನಿಂತು ಬೇವಿನ ಮರ ಹುಡುಕಿದೆ. "ಅದು ನಿಮ್ಮ ಅಂಗಡಿ ಮುಂದಿನ ಮರ ಅಲ್ಲೇನ್ರೀ?" ಎಂದಳು ಕಾಶಮ್ಮ.

ವರ್ಣನೆ ಕೇಳಿ ಜನ ಬಂದರು. ಬಂದವರು ಮನೆಯನ್ನು ಒಪ್ಪಲೂ ಒಪ್ಪಿದರು. ನನ್ನ ನಿಜವಾದ ದುಃಖ ಅಲ್ಲಿಂದ ಶುರುವಾಯಿತು, ಅದರ ಹೆಸರು ಬೀರಪ್ಪ ಕಾಕಾ. ಕಾಕಾ ನಮ್ಮ ಗೋಡೆಗೆ ಗೋಡೆ ಹತ್ತಿದ ನೆರೆಯವರು. ಕುರಿ ಸಾಕಿ ಕಂಬಳಿ ನೇಯುವ ಕುಟುಂಬ, ತಲೆಮಾರುಗಳಿಂದ ಅದೇ ಓಣಿ. ನಮ್ಮ ಸರಕಾರದಲ್ಲಿ ಶುಫಾ ಎಂಬ ಹಕ್ಕೊಂದಿದೆ. ಮನೆ ಮಾರಾಟಕ್ಕೆ ಬಂದರೆ ಮೊದಲ ಹಕ್ಕು ಒಂದೇ ಗೋಡೆಯ ನೆರೆಯವನದು. ಅವನು ಬೇಡವೆನ್ನದೆ ಬೇರೆಯವರು ಕೊಂಡರೆ, ಅವರು ಒಲೆ ಹೂಡಿ, ಪಾತ್ರೆ ಜೋಡಿಸಿದ ಮೇಲೆ ಅವನು ಅದೇ ಬೆಲೆ ಹಿಡಿದುಕೊಂಡು ಅದಾಲತ್ತಿಗೆ ಹೋಗಿ ಎಬ್ಬಿಸಬಹುದು. ಆದ್ದರಿಂದ ಬುದ್ಧಿ ಇದ್ದ ಗಿರಾಕಿ ಮನೆ ನೋಡಿದ ಮೇಲೆ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಪಕ್ಕದ ಮನೆಗೆ ಹೋಗಿ ಒಂದು ಮಾತು ಕೇಳುತ್ತಾನೆ: "ನಿಮಗ ಬೇಕೇನ್ರೀ?" ನೆರೆಯವನು "ಬ್ಯಾಡ್ರಿ" ಎಂದರೆ ಮುಗಿಯಿತು.

ಕಾಕಾನಿಗೆ ನಮ್ಮ ಮನೆ ಖಂಡಿತ ಬೇಕಿರಲಿಲ್ಲ. ಅವರ ಮನೆಯೇ ಅವರಿಗೆ ದೊಡ್ಡದಾಗಿ ಅರ್ಧಕ್ಕೆ ಕುರಿಗಳನ್ನು ಬಿಟ್ಟಿದ್ದರು. ಆದರೆ ಅವರ ಬಾಯಲ್ಲಿ ಬೇಡ ಎಂಬ ಮಾತು ಹುಟ್ಟುತ್ತಿರಲಿಲ್ಲ. ಮನೆಯಲ್ಲಿ ಜೋಳ ಮುಗಿದರೆ "ಹೆಚ್ಚಾಗ್ಯಾವ" ಎನ್ನುವ, ದೀಪ ಆರಿಸುವಾಗ "ದೊಡ್ಡದು ಮಾಡು" ಎನ್ನುವ ಜನ ನಾವು. ಅಂಥವರಲ್ಲೂ ಕಾಕಾ ಹಿರಿಯರು. "ಮನಿ ಅಂದ್ರ ಲಕ್ಷ್ಮಿ, ತಮ್ಮಾ. ಅಕಿ ಬಾಗಲಕ ಬಂದು ನಿಂತಾಗ ಬ್ಯಾಡ ಅಂತ ಹ್ಯಾಂಗ ಅನ್ಲಿ? ಹೊಳ್ಳಿ ನಮ್ಮ ಮನಿ ಕಡಿ ನೋಡ್ಯಾಳೇನು?" ಎಂದು ಅವರು ನನ್ನನ್ನೇ ಕೇಳಿದರು. ಹೀಗಾಗಿ ಗಿರಾಕಿ ಬಂದು ಕೇಳಿದರೆ ಕಾಕಾ ಅವನನ್ನು ಕಂಬಳಿ ಹಾಸಿ ಕೂಡಿಸುತ್ತಿದ್ದರು, ಮಜ್ಜಿಗೆ ಕೊಡುತ್ತಿದ್ದರು, ನನ್ನ ಮನೆಯನ್ನು ನಾನು ಜಹೀರಾಬಾದಿನಲ್ಲಿ ಹೊಗಳಿದ್ದಕ್ಕಿಂತ ಹೆಚ್ಚಾಗಿ ಹೊಗಳುತ್ತಿದ್ದರು. ಕಡೆಗೆ "ನಿಮಗ ಬೇಕೇನ್ರೀ?" ಎಂಬ ಪ್ರಶ್ನೆಗೆ ಗೋಡೆಯನ್ನೊಮ್ಮೆ ನೇವರಿಸಿ, "ನೋಡಮ್ರಿ" ಎನ್ನುತ್ತಿದ್ದರು. ಗಿರಾಕಿ ಅಲ್ಲಿಂದಲೇ ರೈಲಿಗೆ ಹೋಗುತ್ತಿದ್ದ. ಇಷ್ಟು ಹೊಗಳುವವನು ನಾಳೆ ಅದಾಲತ್ತಿಗೆ ಹೋಗದೆ ಇರುತ್ತಾನೆಯೇ?

ಎಷ್ಟು ಜನ ಹೀಗೆ ಬಂದು ಹೋದರೋ ಲೆಕ್ಕವಿಲ್ಲ. ನನ್ನ ನೆನಪಿನಲ್ಲಿ ಅವರಿಗೆಲ್ಲ ಒಂದೇ ಮುಖ, ಒಂದೇ ರುಮಾಲು. ಪೆದ್ದೆಮುಲ್‌ನವರೋ ಧಾರೂರಿನವರೋ ಒಬ್ಬರು ಎರಡು ಸಲ ಬಂದದ್ದೂ ಉಂಟು, ಮಜ್ಜಿಗೆಗಾಗಿ ಇರಬಹುದು. ನಾನು ಕಾಕಾನ ಕಾಲು ಹಿಡಿದೆ. "ಬ್ಯಾಡ ಅನ್ನದಿದ್ರ ಹೋಗ್ಲಿ, ಹೊಗಳಬ್ಯಾಡ್ರಿ. ಒಂದರ ಐಬ ಹೇಳ್ರಿ," ಎಂದೆ. ಕಾಕಾ ನಮ್ಮ ಮನೆಯನ್ನು ಬುಡದಿಂದ ಮಾಡಿನವರೆಗೆ ನೋಡಿದರು. "ಒಂದ ಐಬ ಅದ ತಮ್ಮಾ. ಬಾಜೂಕ ನನ್ನ ಕುರಿ ಅವ, ನಸುಕಿನ್ಯಾಗ ಕೆಮ್ಮತಾವ," ಎಂದವರು, "ಆದ್ರ ಗಡಿಯಾರ ಇಲ್ದೋರಿಗಿ ಅದೂ ಚಲೋನ," ಎಂದರು.

ಅಷ್ಟರಲ್ಲಿ ಕಾಶಮ್ಮನ ಮಾತು ಚೂಪಾಗತೊಡಗಿತ್ತು. ನಾನು ಊರಿಗೆ ಹೋದಾಗಲೆಲ್ಲ ಅವಳು ನನ್ನನ್ನು ಗಿರಾಕಿಯ ಹಾಗೆ ಪಡಸಾಲೆಯಲ್ಲಿ ಕೂಡಿಸಿ, "ಹೊರಗಿನೋರು ಬಂದ್ರಂತ ಚಹಾ ಇಡ್ಲೇನ್ರೀ?" ಎನ್ನುತ್ತಿದ್ದಳು. ಕಾಕಾನಿಗೆ ಬೇಡ ಎನ್ನುವುದನ್ನು ಕಲಿಸುವ ಕೆಲಸವನ್ನೂ ಅವಳೇ ವಹಿಸಿಕೊಂಡಳು. ಅವರಿಗೆ ಹಾಗಲಕಾಯಿ ಆಗದೆಂದು ಓಣಿಗೆಲ್ಲ ಗೊತ್ತು. ಊಟಕ್ಕೆ ಕೂಡಿಸಿ, "ಕಾಕಾ, ಹಾಗಲಕಾಯಿ ಪಲ್ಯ ಹಾಕ್ಲೇನು?" ಎಂದಳು. ಕಾಕಾನ ಮುಖ ಬಾಡಿತು. ತುಟಿ ಅಲುಗಾಡಿತು. ನಾವಿಬ್ಬರೂ ಉಸಿರು ಹಿಡಿದೆವು. "ಸ್ವಲ್ಪ ಹಾಕ್ ತಂಗಿ," ಎಂದರು. ಅದನ್ನು ತಿಂದೂ ತಿಂದರು.

ಇಂಥ ಹೊತ್ತಿನಲ್ಲಿ ನಾರಾಯಣಖೇಡದ ಶಿವಲಿಂಗಪ್ಪ ನನ್ನ ಜೊತೆ ತಾಂಡೂರಿಗೆ ಬಂದ. ಮಗಳನ್ನು ತಾಂಡೂರಿನ ಕಡೆ ಕೊಟ್ಟಿದ್ದ, ಹೋಗಿ ಬಂದು ಮಾಡಲು ಮನೆ ಬೇಕಿತ್ತು. ಹಣವಿತ್ತು, ಫರಸಿಯ ಮೇಲೆ ಬರಿಗಾಲಿನಲ್ಲಿ ಎರಡು ಸಲ ನಡೆದು "ಆಹಾ" ಎಂದ. ಬೇವಿನ ಮರದ ವಿಷಯ ಕೇಳಲಿಲ್ಲ. ಇಂಥ ಗಿರಾಕಿ ಮತ್ತೆ ಬರುವುದಿಲ್ಲವೆಂದು ನನಗೂ ಗೊತ್ತು, ಕಾಶಮ್ಮನಿಗೂ ಗೊತ್ತು. ಅವನು ಸಾಕ್ಷಿಗಳನ್ನು ಕರೆಯಲು ಹೋದಾಗ ಅವಳು ನೆಟ್ಟಗೆ ಕಾಕಾನ ದೊಡ್ಡಿಗೆ ಹೋದಳು. ನಾನು ಹಿಂದೆ ಹೋದೆ.

"ಕಾಕಾ, ನಾ ಇಲ್ಲಿ ದೀಪ ಹಚ್ಚಿಕೋತ ಮುದುಕಿ ಆಗ್ಲೇನು?" ಎಂದಳು. ಅಷ್ಟೇ. ಅವಳ ದನಿಯಲ್ಲಿ ಆಗ ಚೂಪು ಇರಲಿಲ್ಲ.

ಶಿವಲಿಂಗಪ್ಪ ಸಾಕ್ಷಿಗಳೊಂದಿಗೆ ಬಂದು ಕೇಳಿದಾಗ ಕಾಕಾ ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ದೊಡ್ಡಿಯ ಟಗರಿನ ಕಡೆ ತಿರುಗಿ, ಅದಕ್ಕೇ ಹೇಳುವವರ ಹಾಗೆ, "ನನಗ ಬ್ಯಾಡ," ಎಂದರು. ಎಂದವರೇ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಉಗುಳಿದರು, ಬಂದು ನಮ್ಮ ಗೋಡೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ನನಗೆ ಕುಣಿಯುವಂತಾಯಿತು. ಒಂದು ಸಣ್ಣ ಮಾತು, ಇಷ್ಟು ತಿಂಗಳು ಹಿಡಿಯಿತಲ್ಲ, ಈ ಹಳೆಯ ಕಾಲದವರ ಮೂಢತನ ಎಂದು ಸಾಕ್ಷಿಯೊಬ್ಬನ ಕಿವಿಯಲ್ಲಿ ಹೇಳಿಯೂ ಹೇಳಿದೆ.

ಶಿವಲಿಂಗಪ್ಪ ನಮ್ಮ ಹೊಸ್ತಿಲಿಗೆ ಬಂದು ನಿಂತ. "ಇನ್ನ ಒಂದ ಉಳಿತ್ರಿ ಮುನಶಿಯವರ. ನಮ್ಮ ಕಡಿ ಪದ್ಧತಿ ಅದ. ಮಾರಾಂವ ಹೊಸ್ತಿಲ ಹೊರಗ ನಿಂತು, ಮನಿ ಕಡಿ ಮುಖ ಮಾಡಿ, ಈ ಮನಿ ನನಗ ಬ್ಯಾಡ ಅಂತ ಅನ್ಬೇಕು. ಇಲ್ಲಂದ್ರ ಮಾರಿದಾಂವನ ಮನಸ್ಸು ಮನ್ಯಾಗ ಉಳಿತದ, ತಗೊಂಡಾಂವಗ ನಿದ್ದಿ ಹತ್ತಂಗಿಲ್ಲ."

ಇಷ್ಟೇ ತಾನೇ ಎಂದು ನಾನು ಹೊರಗೆ ನಿಂತು ಒಳಗೆ ಮುಖ ಮಾಡಿದೆ. ಬಾಯಿ ತೆರೆದೆ. ಒಳಗೆ ಬೆಳಕಿಂಡಿಯಿಂದ ಒಂದು ತುಂಡು ಬಿಸಿಲು ಫರಸಿಯ ಮೇಲೆ ಬಿದ್ದಿತ್ತು. ಮೂಲೆಯಲ್ಲಿ ಕಾಶಮ್ಮನ ದೀಪದ ಕಂಬ, ಅದರ ಮೇಲೆ ಗೋಡೆಗೆ ಹತ್ತಿದ ಮಸಿ. ಇದೆಲ್ಲ ನಿಜವಾಗಿ ಕಂಡೆನೋ, ಆಮೇಲೆ ವಿಕಾರಾಬಾದಿನ ಬೆಂಚಿನ ಮೇಲೆ ಕುಳಿತು ಸೇರಿಸಿಕೊಂಡೆನೋ, ಆಣೆ ಮಾಡಲಾರೆ. ಹಾಗಲಕಾಯಿ ಪಲ್ಯದ ಮುಂದೆ ಕುಳಿತ ಕಾಕಾನ ಹಾಗೆ ನನ್ನ ತುಟಿ ಅಲುಗಾಡಿದ್ದು ಮಾತ್ರ ನಿಜ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಕೊನೆಗೆ ನನ್ನ ಬಾಯಿಂದ ಬಂದ ಮಾತು, "ನೋಡಮ್ರಿ."

ಕಾಶಮ್ಮ ಸೆರಗು ಸಿಕ್ಕಿಸಿಕೊಂಡು ಹೊಸ್ತಿಲು ದಾಟಿ ಬಂದು ನನ್ನ ಪಕ್ಕ ನಿಂತಳು. "ಈ ಮನಿ ನಮಗ ಬ್ಯಾಡ್ರಿ! ಬ್ಯಾಡ! ಬ್ಯಾಡ! ಒಯ್ರಿ!" ಎಂದು ಓಣಿಯ ಆ ತುದಿಗೆ ಕೇಳುವಂತೆ ಹೇಳಿದಳು. ಹೇಳಿ ಮುಗಿಸಿ ಕಣ್ಣೊರೆಸಿಕೊಂಡಳು. ಆಗ ಒಲೆ ಹೊತ್ತಿರಲಿಲ್ಲ.

ಶಿವಲಿಂಗಪ್ಪ ಕೈಮುಗಿದ. "ಯವ್ವಾ, ದಸ್ತಾವೇಜು ಯಾರ ಹೆಸರಿಲೆ ಅದ?" ಎಂದ. ಸಾಕ್ಷಿಗಳಿಬ್ಬರೂ ನನ್ನ ಕಡೆ ನೋಡಿದರು. "ಯಜಮಾನರು ಅನ್ಲಿಲ್ಲಲ್ಲ," ಎಂದು ಚಪ್ಪಲಿ ಮೆಟ್ಟಿಕೊಂಡ. ಅವನು ಓಣಿ ದಾಟುವವರೆಗೆ ನಾವು ನೋಡುತ್ತ ನಿಂತೆವು. ಬೀರಪ್ಪ ಕಾಕಾ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ಬಾಳ ವಜನ ಅದ ತಮ್ಮಾ ಆ ಮಾತು. ಅದ್ಕ ನಾ ಇಷ್ಟ ದಿನ ಅಂದಿದ್ದಿಲ್ಲ," ಎಂದರು. ಅವರು ಅಣಕಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೂ ಸಮಾಧಾನ ಹೇಳುತ್ತಿದ್ದರು.

ಸಂಜೆ ಕಾಶಮ್ಮ ದೀಪಕ್ಕೆ ಎಣ್ಣೆ ಹಾಕುತ್ತ, ನನ್ನ ಕಡೆ ನೋಡದೆ ಹೇಳಿದಳು: "ಮನಿ ನನ್ನ ಹೆಸರಿಗಿ ಬರದು ಕೊಡ್ರಿ. ನಾ ಮಾರ್ತೀನಿ. ಸಾಮಾನ ಕಟ್ಟಿ ಜಹೀರಾಬಾದಿಗಿ ಬರ್ತೀನಿ. ಹೂಂ ಅಂದ್ರ ಸಾಕು."

ಕಥೆ ಹೇಳುವವನಾಗಿ ನನಗೆ ಇಲ್ಲಿ ಏನು ಬರಬೇಕೆಂದು ಚೆನ್ನಾಗಿ ಗೊತ್ತಿದೆ. ಖಾನಾವಳಿಯಲ್ಲಿ ಇದನ್ನು ಹೇಳುವಾಗ ನಾನು ತಡಮಾಡದೆ "ಆತು" ಎಂದೆನೆಂದೇ ಹೇಳುತ್ತೇನೆ. ಎಲ್ಲರೂ ಭೇಷ್ ಎನ್ನುತ್ತಾರೆ, ಬಡಿಸುವವನು ಮೆಚ್ಚಿ ಇನ್ನೊಂದು ರೊಟ್ಟಿ ಹಾಕುತ್ತಾನೆ. ಹಾಗಿದ್ದ ಮೇಲೆ ನಾನು ಇನ್ನೂ ಖಾನಾವಳಿಯಲ್ಲೇ ಯಾಕೆ ಉಣ್ಣುತ್ತಿದ್ದೇನೆ ಎಂದು ಇದುವರೆಗೆ ಯಾರೂ ಕೇಳಿಲ್ಲ.