ಹನ್ನೊಂದರಲ್ಲಿ ಒಂದು ಕಳೆದ ಮೇಷ್ಟ್ರು

ಬಂಗಾರಪೇಟೆಯಲ್ಲಿ ಮೂರು ದಿನದ ತರಬೇತಿ ಮುಗಿಸಿ ಬಂದ ನನಗೆ, ಗಣಿತವನ್ನು ಅರ್ಥ ಮಾಡಿಸಬಲ್ಲವನು ಇಡೀ ತಾಲ್ಲೂಕಿಗೆ ನಾನೊಬ್ಬನೇ ಎನ್ನಿಸಿತ್ತು. 'ಬಾಯಿಪಾಠ ಬಿಡಿ, ಮಕ್ಕಳ ಬದುಕಿನಿಂದ ಲೆಕ್ಕ ತೆಗೆಯಿರಿ' ಎಂದಿದ್ದರು. ಇಪ್ಪತ್ತು ವರ್ಷ ಬಾಯಿಪಾಠ ಮಾಡಿಸಿದ ಮಹಾಶಯ ಮೂರೇ ದಿನದಲ್ಲಿ ಜ್ಞಾನಿಯಾಗಿಬಿಟ್ಟ!

ಮರುದಿನ ಬೆಳಿಗ್ಗೆ ಹತ್ತನೇ ತರಗತಿಗೆ ಸ್ಪೆಷಲ್ ಕ್ಲಾಸ್. ಹೆಂಡತಿ ರತ್ನಮ್ಮ ಹತ್ತು ಲೀಟರ್ ಹಾಲಿದ್ದ ಕ್ಯಾನನ್ನು ನನ್ನ ಗಾಡಿಗೆ ಕಟ್ಟಿದಳು.

"ನೆಟ್ಟಗೆ ಡೈರಿಗೆ ಓಗ್ರಿ. ನನ್ ಹಾಲು ಒಂದಿನಾನೂ ವಾಪಸ್ ಬಂದಿಲ್ಲ."

ನಾನು ನೆಟ್ಟಗೆ ತರಗತಿಗೆ ಹೋದೆ, ಕ್ಯಾನಿನ ಸಮೇತ!

"ಹತ್ತು ಲೀಟರ್ ಹಾಲಿಗೆ ಒಂದು ಲೀಟರ್ ನೀರು ಹಾಕಿದರೆ ನೀರು ಶೇಕಡಾ ಎಷ್ಟು?" ಎನ್ನುತ್ತಾ ನಲ್ಲಿ ನೀರನ್ನು ಕ್ಯಾನಿಗೆ ಸುರಿದೇಬಿಟ್ಟೆ.

ಮುಂದಿನ ಬೆಂಚಿನ ಸುಜಾತ ಗಾಬರಿಯಾಗಿ ಎದ್ದಳು. "ಸಾರ್, ಡೈರಿಗೆ ಓಗೋ ಹಾಲು!"

"ಕೂತ್ಕೊಳಮ್ಮ. ಉತ್ತರ, ಹತ್ತು!"

"ಒಟ್ಟು ಅನ್ನೊಂದಾಯ್ತಲ್ಲ ಸಾರ್? ಅನ್ನೊಂದರಾಗೆ ಒಂದು. ಅತ್ತಕ್ಕಿಂತ ಕಮ್ಮೀನೇ ಬತ್ತದೆ."

ಇಂಥ ಅಧಿಕಪ್ರಸಂಗಕ್ಕೆ ನಾನು ಬಗ್ಗುವವನೇ? ಅಲ್ಲದೆ ಡೈರಿಯ ಚಿಂತೆಗೂ ಪರಿಹಾರ ಹೊಳೆದಿತ್ತು. ಕ್ಯಾನಿನಿಂದ ಒಂದು ಲೀಟರ್ ಮೊಗೆದು ಹೊರಗಿನ ಬೇವಿನ ಮರದ ಬುಡಕ್ಕೆ ಚೆಲ್ಲಿದೆ. ಹನ್ನೊಂದರಲ್ಲಿ ಒಂದು ಕಳೆದರೆ ಹತ್ತು. ಲೆಕ್ಕ ಸರಿಹೋಯಿತು!

ಸುಜಾತ ಹಣೆ ಚಚ್ಚಿಕೊಂಡಳು. "ನೀರೊಂದೇ ಬಂತಾ ಸಾರ್?"

ಡೈರಿಯಲ್ಲಿ ಹಾಲು ಪರೀಕ್ಷಿಸುವವನು ಎರಡೆರಡು ಸಲ ನೋಡಿ, ಊರಿಗೆಲ್ಲ ಕೇಳುವಂತೆ ಕೂಗಿದ. "ಮೇಷ್ಟ್ರೇ, ನೀರೈತೆ! ರತ್ನಮ್ಮಕ್ಕನ ಹಾಲಾಗೆ ನೀರಾ?"

ಸಾಲಿನಲ್ಲಿದ್ದವರೆಲ್ಲ ಬಾಯಿ ಮೇಲೆ ಕೈಯಿಟ್ಟರು. ಹನ್ನೊಂದರಲ್ಲಿ ಒಂದು ಕಳೆದ ವಿಚಾರವನ್ನು ಸವಿಸ್ತಾರವಾಗಿ ನಿವೇದಿಸಿದೆ. ಸುಳ್ಳಾದರೂ ನೆಟ್ಟಗೆ ಹೇಳಬಾರದೇ ಎಂಬಂತೆ ನೋಡಿದರು. ಹಾಲು ವಾಪಸ್!

ಮನೆಯಲ್ಲಿ ರತ್ನಮ್ಮ ಬೈಯಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ಮೇಲೆ ಆ ಸಾಲಾಗೆ ಎಂಗ್ರೀ ನಿಂತ್ಕೊಳ್ಳಲಿ?" ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಸಂಜೆ ಕರೆದ ಹಾಲಿನ ಕ್ಯಾನು ಹೊತ್ತು ಅವಳೇ ಡೈರಿಗೆ ಹೊರಟಳು, ಹಿಂದೆ ನಾನು. ನಾವು ಹೋಗುವಷ್ಟರಲ್ಲಿ ಸುಜಾತ ಸಾಲಿನ ಮುಂದೆ ನಿಂತು ಭಾಷಣ ಮಾಡುತ್ತಿದ್ದಳು.

"ಅಕ್ಕನ ಹಾಲು ಚೊಕ್ಕವಾಗೇ ಇತ್ತು. ನಮ್ ಸಾರ್‌ಗೆ ಲೆಕ್ಕ ಬರಲ್ಲ, ಅಷ್ಟೇಯ!"

"ಅಂಗನ್ನು ಮತ್ತೆ!" ಎಂದು ಎಲ್ಲರೂ ಸಮಾಧಾನದ ಉಸಿರು ಬಿಟ್ಟು ರತ್ನಮ್ಮನಿಗೆ ದಾರಿ ಬಿಟ್ಟರು. ಇಪ್ಪತ್ತು ವರ್ಷದಿಂದ ಅವರ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು ನಾನು. ಸಾಕ್ಷಿ ಏನೆಂದು ಒಬ್ಬರಾದರೂ ಕೇಳಬೇಡವೇ!