ಸೆಲ್ಬಿ ಪೆಲ್ಲಿ ವಸ್ತುಸಂಗ್ರಹಾಲಯದ ಮೊದಲ ಸಂದರ್ಶಕ

ಗ್ಯಾನೆಟ್ ಆರ್ಮ್ ಊರಿನ ಜನಸಂಖ್ಯೆ ಇನ್ನೂರ ಹದಿನಾಲ್ಕು, ವಸ್ತುಸಂಗ್ರಹಾಲಯಗಳು ಮೂವತ್ತೊಂಬತ್ತು. ತಲಾವಾರು ನೋಡಿದರೆ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಇದಕ್ಕಿಂತ ಸುಸಂಸ್ಕೃತವಾದ ಊರು ಇನ್ನೊಂದಿಲ್ಲ.

ಮೊದಲನೆಯದು ಸೆಲ್ಬಿ ಪೆಲ್ಲಿಯದು. ಅದು ಅವನ ಮನೆಯ ಹಿಂದಿನ ಶೆಡ್ಡಿನಲ್ಲಿ, ಹಿಮ ತಳ್ಳುವ ಯಂತ್ರಕ್ಕೂ ಹರಿದ ಬಲೆಗಳ ರಾಶಿಗೂ ನಡುವೆ ಇದೆ. ಸಂಗ್ರಹದಲ್ಲಿರುವ ಬಂದೂಕು ಒಂದೇ. ರಷ್ಯಾದ ಸೈನ್ಯ ಬೇಡವೆಂದು ಮಾರಿದ್ದು. ಮೂವತ್ತು ವರ್ಷದ ಹಿಂದೆ ಊರಿನ ಕಬ್ಬಿಣದ ಅಂಗಡಿಗೆ ಅಂಥವು ಒಂದು ಲೋಡು ಬಂದಿದ್ದವು. ಅಗ್ಗವಾಗಿದ್ದವು, ಕೆಡುತ್ತಿರಲಿಲ್ಲ. ಊರಿನ ಬೇಟೆಗಾರರೆಲ್ಲ ಅದನ್ನೇ ಕೊಂಡಿದ್ದರು.

ಐದು ವರ್ಷ ಲಾಟರಿಯಲ್ಲಿ ಹೆಸರು ಬರದೆ ಕಾದ ಮೇಲೆ ಕೊನೆಗೆ ಸೆಲ್ಬಿಗೆ ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆಗೆ ಲೈಸೆನ್ಸ್ ಬಂತು. ಗಂಡು ಮೂಸ್, ಒಂದು. ಡಿಸೆಂಬರ್ ಕೊನೆಯೊಳಗೆ ಹೊಡೆಯದಿದ್ದರೆ ಹೆಸರು ಮತ್ತೆ ಪಟ್ಟಿಯ ಬುಡಕ್ಕೆ. ಹೆಂಡತಿ ಮೆಲ್ವೀನಾ ಗಾಜಿನ ಜಾಡಿಗಳನ್ನೆಲ್ಲ ತೊಳೆದು ಬಿಸಿಲಿಗಿಟ್ಟಳು. ಮೂಸ್ ಮಾಂಸವನ್ನು ಈರುಳ್ಳಿ, ಹಂದಿಕೊಬ್ಬು, ಉಪ್ಪಿನ ಜೊತೆ ಜಾಡಿಗೆ ತುಂಬಿ, ಮುಚ್ಚಳ ಬಿಗಿದು ಕುದಿಸಿಟ್ಟರೆ ಚಳಿಗಾಲ ದಾಟುತ್ತದೆ. ಐದು ಚಳಿಗಾಲವನ್ನು ಅವರು ಅಂಗಡಿಯ ಅಗ್ಗದ ಬೊಲೋನಿ ಸಾಸೇಜು ಹುರಿದು ದಾಟಿದ್ದರು.

ಅದೇ ವಾರ ಸರ್ಕಾರದ ಪ್ರಕಟಣೆಗಳು ಶುರುವಾದವು. ತುದಿಯಲ್ಲಿ ಮಡಚುವ ಚೂರಿ ಇರುವ ಬಂದೂಕುಗಳು ಯುದ್ಧದ ಸ್ವಭಾವದವು, ಆದ್ದರಿಂದ ನಿಷಿದ್ಧ ಎಂದು ಮೊದಲನೆಯದು. ಸೆಲ್ಬಿ ತಿರುಪು ಬಿಚ್ಚಿ ಚೂರಿ ತೆಗೆದ. ಮೆಲ್ವೀನಾ ಅದರಲ್ಲಿ ಟರ್ನಿಪ್ ಗಡ್ಡೆ ಕಿತ್ತಳು. ಮೂಲ ಚೂರಿ ಇಲ್ಲದ ಬಂದೂಕು ತಿದ್ದಿದ ಬಂದೂಕು, ಆದ್ದರಿಂದ ನಿಷಿದ್ಧ ಎಂದು ಎರಡನೆಯದು. ಸೆಲ್ಬಿ ಚೂರಿಯ ಮಣ್ಣು ಒರೆಸಿ ಮತ್ತೆ ಜೋಡಿಸಿದ. ಮೂರನೆಯದು, ಚೂರಿ ತೆಗೆದು ಮತ್ತೆ ಜೋಡಿಸಿದ ಬಂದೂಕುಗಳ ಬಗ್ಗೆ. ಅದನ್ನು ಓದಿದಾಗ ಸರ್ಕಾರ ತನ್ನನ್ನು ಹತ್ತಿರದಿಂದ ಬಲ್ಲದು ಎನ್ನಿಸಿ ಅವನಿಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಅವನು ಬಂದೂಕು ವಿಲೇವಾರಿ ಕಚೇರಿಗೆ ಫೋನ್ ಮಾಡಿದ. ನಲವತ್ತು ನಿಮಿಷ ಪಿಟೀಲು ಕೇಳಿಸಿದ ಮೇಲೆ ಕುಮಾರಿ ಬ್ರೆಂಟನ್ ಎಂಬ ಅಧಿಕಾರಿ ಸಿಕ್ಕಳು.

"ತಾಯಿ, ಐದು ವರ್ಷ ಕಾದು ಲೈಸೆನ್ಸ್ ಬಂದಿದೆ. ಹೊಡೆಯೋಕೆ ಬಂದೂಕಿಲ್ಲ."

"ತಮ್ಮ ಲೈಸೆನ್ಸ್ ಸಿಂಧುವಾಗಿದೆ ಸರ್. ಬಂದೂಕು ಮಾತ್ರ ಅಸಿಂಧು."

"ಹಂಗಾದ್ರೆ ಯಾವುದ್ರಲ್ಲಿ ಹೊಡೀಲಿ?"

"ಅನುಮೋದಿತ ಪಟ್ಟಿಯಲ್ಲಿರೋ ಯಾವುದರಲ್ಲಾದ್ರೂ."

"ಪಟ್ಟೀಲಿ ಏನೇನಿದೆ?"

"ಪಟ್ಟಿ ಇನ್ನೂ ಆಗಿಲ್ಲ. ಹದಿನೆಂಟು ತಿಂಗಳು."

"ಕಲ್ಲಲ್ಲಿ ಹೊಡೀಲಾ?"

ಕಾಗದ ಮಗುಚುವ ಸದ್ದಾಯಿತು. "ಕಲ್ಲಿನ ಬಗ್ಗೆ ಲಿಖಿತವಾಗಿ ಕೇಳ್ಬೇಕು ಸರ್. ಇಲ್ಲೊಂದಿದೆ ನೋಡಿ, ನಿಯಮ ಹದಿನಾಲ್ಕು. ವಸ್ತುಸಂಗ್ರಹಾಲಯಗಳಿಗೆ ವಿನಾಯಿತಿ. ತಾವು ವಸ್ತುಸಂಗ್ರಹಾಲಯವಾ?"

"ನಾನು ಸೆಲ್ಬಿ."

"ಎರಡೂ ಆಗಬಹುದು. ನಮೂನೆ ಕಳಿಸಲಾ?"

ನಮೂನೆ ಇಪ್ಪತ್ತೆರಡು ಪುಟವಿತ್ತು. ಮೆಲ್ವೀನಾ ಕನ್ನಡಕ ಹಾಕಿಕೊಂಡು ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹರಡಿದಳು.

"ನಿನ್ನ ಶೆಡ್ ನೋಡೋಕೆ ಯಾರ್ ಬರ್ತಾರೋ?" ಎಂದಳು. "ಐದು ವರ್ಷದಿಂದ ನಾನೇ ಒಳಗೆ ಕಾಲಿಟ್ಟಿಲ್ಲ."

"ಬರ್ಲಿ ಬಿಡೆ, ಬರದೆ ಇರ್ಲಿ ಬಿಡೆ. ಬಂದೂಕು ಉಳೀತದಲ್ಲ."

"ಉಳಿದು ಏನ್ ಬಂತು? ಗೋಡೆಗೆ ನೇತಾಕಿ ಸಾರು ಮಾಡ್ಲಾ?" ಅವಳು ಹದಿನೇಳನೆಯ ಪುಟಕ್ಕೆ ಬಂದು ಬೆರಳಿಟ್ಟಳು. "ತಡಿ. ಇಲ್ಲಿ ಕೇಳು."

ಅಲ್ಲಿ ಹೀಗಿತ್ತು: "ಸಂಗ್ರಹಾಲಯವು ವರ್ಷಕ್ಕೊಮ್ಮೆ ಸೂಕ್ತ ಸ್ಥಳದಲ್ಲಿ ಪ್ರದರ್ಶನ ವಸ್ತುವನ್ನು ಚಲಾಯಿಸಿ ತೋರಿಸತಕ್ಕದ್ದು. ಆ ವೇಳೆ ಕನಿಷ್ಠ ಒಬ್ಬ ಸಂದರ್ಶಕನ ಹಾಜರಿ ಕಡ್ಡಾಯ. ಸಂದರ್ಶಕನೆಂದರೆ ಆಹ್ವಾನವನ್ನು ಮನ್ನಿಸಿ ಸ್ವಇಚ್ಛೆಯಿಂದ ನಡೆದು ಬರುವ ಯಾವುದೇ ಜೀವಿ."

ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೆಲ್ವೀನಾ ಎದ್ದು ಜಾಡಿಗಳನ್ನು ಎರಡನೆಯ ಸಲ ತೊಳೆದಳು.

ಅಕ್ಟೋಬರ್ ಎರಡನೆಯ ವಾರ ಕುಮಾರಿ ಬ್ರೆಂಟನ್ ಪರಿಶೀಲನೆಗೆ ಬಂದಳು. ಹೊಸ ರಬ್ಬರ್ ಬೂಟು, ಕೈಯಲ್ಲಿ ರಟ್ಟಿನ ಹಲಗೆ. ಶೆಡ್ಡಿನ ನಾಮಫಲಕ ಅಳೆದಳು. ಅರ್ಧ ಅಂಗುಲ ಹೆಚ್ಚಿದ್ದನ್ನು ಮನ್ನಿಸಿದಳು. ಬೆಳಗಿನ ಜಾವ ಮೂವರೂ ಊರಾಚೆಯ ಜೌಗಿನ ಅಂಚಿನಲ್ಲಿ ಕುಳಿತರು. ಆ ಸ್ಥಳಕ್ಕೆ ನಮೂನೆಯಲ್ಲಿ "ಸಂಚಾರಿ ಶಾಖೆ" ಎಂಬ ಹೆಸರಿತ್ತು.

ಸೆಲ್ಬಿ ಅಂಗೈಗಳನ್ನು ಬಾಯಿಗೆ ಬೊಗಸೆ ಮಾಡಿ ಹೆಣ್ಣು ಮೂಸಿನ ಹಾಗೆ ನೀಳವಾಗಿ ಕೂಗಿದ. ಕುಮಾರಿ ಬ್ರೆಂಟನ್ ಬರೆದುಕೊಂಡಳು: "ಆಹ್ವಾನ ನೀಡಲಾಯಿತು. ಮೌಖಿಕ."

ಮುಕ್ಕಾಲು ಗಂಟೆಯಲ್ಲಿ ಸಂದರ್ಶಕರು ಫರ್ ಮರಗಳ ನಡುವಿನಿಂದ ಹೊರಬಂದರು. ಕೊಂಬು ಒಂದು ಮಂಚದಷ್ಟು ಅಗಲವಿತ್ತು.

"ಅವರು ತಾವಾಗೇ ಬರ್ತಿದಾರಾ?" ಕುಮಾರಿ ಬ್ರೆಂಟನ್ ಪಿಸುಗುಟ್ಟಿದಳು.

"ಯಾರೂ ತಳ್ತಿಲ್ಲ ತಾಯಿ."

"ಹಾಗಾದ್ರೆ ಪ್ರದರ್ಶನ ಶುರು ಮಾಡಿ."

ಪ್ರದರ್ಶನ ಒಂದೇ ಗುಂಡಿಗೆ ಮುಗಿಯಿತು. ವರದಿಯ ಉಳಿದ ಕಲಂಗಳನ್ನು ಅವಳು ಅಲ್ಲೇ ನಿಂತು ತುಂಬಿದಳು. "ಪ್ರದರ್ಶನವು ಸಂದರ್ಶಕರ ಮೇಲೆ ಬೀರಿದ ಪರಿಣಾಮ: ಗಾಢ. ಮತ್ತೆ ಭೇಟಿ ನೀಡುವ ಸಾಧ್ಯತೆ: ಕಡಿಮೆ. ದೂರುಗಳು: ಇಲ್ಲ."

ಸುದ್ದಿ ಮೇಯರ್ ಗಾರ್ಲಂಡ್ ಹಿಸ್ಕಾಕ್‌ನ ಕಿವಿಗೆ ಬಿತ್ತು. ಪ್ರತಿ ಸಂಗ್ರಹಾಲಯಕ್ಕೂ ಊರಿನ ಆಡಳಿತಕ್ಕೆ ಸಂಸ್ಕೃತಿ ಅನುದಾನ ಸಿಗುತ್ತದೆಂದು ಅವನು ಅದೇ ಮಧ್ಯಾಹ್ನ ಪತ್ತೆಹಚ್ಚಿದ. ಆಡಳಿತವೆಂದರೆ ಅವನೇ. ಸಂಜೆಯೊಳಗೆ ಅವನು ಮನೆಮನೆಗೆ ನಮೂನೆ ಹಂಚಿ, "ಪರಂಪರೆ ಉಳಿಸ್ಬೇಕಪ್ಪಾ" ಎಂದು ಕಣ್ಣೊರೆಸಿಕೊಂಡ. ತಿಂಗಳೊಳಗೆ ಇನ್ನೂ ಮೂವತ್ತೆಂಟು ಶೆಡ್ಡುಗಳಿಗೆ ನಾಮಫಲಕ ಬಂತು.

ಇತ್ತ ಮೆಲ್ವೀನಾ ಮೂರು ದಿನ ಒಲೆಯ ಮುಂದೆ ನಿಂತು ಮೂವತ್ತೆಂಟು ಜಾಡಿ ತುಂಬಿಸಿದಳು. ನಾಲ್ಕನೆಯ ದಿನ ಕುಮಾರಿ ಬ್ರೆಂಟನ್ ಮತ್ತೆ ಬಂದು ಎಲ್ಲಕ್ಕೂ ಬಿಳಿ ಚೀಟಿ ಅಂಟಿಸಿದಳು. ಸೆಪೆವ, ಅಂದರೆ ಸೆಲ್ಬಿ ಪೆಲ್ಲಿ ವಸ್ತುಸಂಗ್ರಹಾಲಯ, 2 ರಿಂದ 39 ರ ತನಕ. ಸಂಖ್ಯೆ ಒಂದು ಬಂದೂಕು.

"ಇದೇನಮ್ಮಾ?"

"ಸಂಗ್ರಹಾಲಯದ ಕಾರ್ಯಕ್ರಮದಿಂದ ಬಂದ ಯಾವುದೇ ವಸ್ತು ಸಂಗ್ರಹಾಲಯದ ಸ್ವತ್ತು, ಮೇಡಂ. ಮುಂದಿನ ಪೀಳಿಗೆಗೆ ಕಾಪಾಡ್ಬೇಕು. ಮುಚ್ಚಳ ತೆರೆಯೋ ಹಾಗಿಲ್ಲ. ದಿನಕ್ಕೆರಡು ಸಲ ಉಷ್ಣತೆ ಬರೆದಿಡಿ."

"ಊಟಕ್ಕೆ ಕಣೇ ಮಾಡಿದ್ದು!"

"ಸಾರ್ವಜನಿಕರು ನೋಡಬಹುದು," ಎಂದಳು ಕುಮಾರಿ ಬ್ರೆಂಟನ್, ಸಮಾಧಾನದ ದನಿಯಲ್ಲಿ. "ಶನಿವಾರ ಎರಡರಿಂದ ನಾಲ್ಕು."

ನವೆಂಬರ್ ಪೂರ್ತಿ ಸೆಲ್ಬಿ ಬೊಲೋನಿ ಹುರಿದು ತಿಂದ. ಎದುರಿನ ಕಪಾಟಿನಲ್ಲಿ ಮೂವತ್ತೆಂಟು ಜಾಡಿ. ಒಳಗಿನ ಕಂದು ತುಂಡುಗಳು, ಮೇಲೆ ಗಟ್ಟಿಯಾದ ಬಿಳಿ ಕೊಬ್ಬು, ಎಲ್ಲ ಸ್ವಚ್ಛವಾಗಿ ಕಾಣುತ್ತಿತ್ತು. ಅವನು ಉಷ್ಣತೆ ಬರೆದಿಡುತ್ತಿದ್ದ. ಹನ್ನೊಂದು ಡಿಗ್ರಿ. ಹನ್ನೊಂದು ಡಿಗ್ರಿ. ಒಂದು ರಾತ್ರಿ ಹತ್ತು.

"ಕದ್ದು ತಿನ್ನೋಣ್ವಾ?" ಎಂದ.

"ನಾನು ಮಾಡಿದ್ದನ್ನ ನಾನು ಕದಿಯಲ್ಲ," ಎಂದಳು ಮೆಲ್ವೀನಾ. ಅವಳು ಆಗ ಕಚೇರಿಯವರು ಕಳಿಸಿದ್ದ ನಿಯಮ ಪುಸ್ತಕದ ನೂರಾ ನಾಲ್ಕನೆಯ ಪುಟದಲ್ಲಿದ್ದಳು. ಬೆಳಿಗ್ಗೆ ಕುಮಾರಿ ಬ್ರೆಂಟನ್‌ಗೆ ಫೋನ್ ಮಾಡಿದಳು.

"ಒಂದೇ ಥರದ ವಸ್ತು ಎರಡಿದ್ರೆ ನಕಲು ಪ್ರತಿಯನ್ನ ಸಂಗ್ರಹದಿಂದ ತೆಗೀಬಹುದು ಅಂತ ಇದೆಯಲ್ಲ ತಾಯಿ?"

"ಇದೆ. ಸಮಿತಿ ಪರೀಕ್ಷೆ ಮಾಡಿ ಒಂದೇ ಥರ ಅಂತ ಖಾತ್ರಿ ಮಾಡ್ಬೇಕು."

"ಪರೀಕ್ಷೆ ಹೆಂಗೆ?"

"ವಸ್ತುವಿನ ಸ್ವಭಾವಕ್ಕೆ ತಕ್ಕ ಹಾಗೆ. ಚಿತ್ರವಾದ್ರೆ ನೋಡಿ. ಪಿಯಾನೋ ಆದ್ರೆ ನುಡಿಸಿ. ಇದಾದ್ರೆ... ಒಂದು ನಿಮಿಷ, ಮೇಲಧಿಕಾರಿಗಳನ್ನ ಕೇಳ್ತೀನಿ."

ಮೇಲಧಿಕಾರಿಗಳು ಹನ್ನೊಂದು ದಿನ ಯೋಚಿಸಿ ಸುತ್ತೋಲೆ ಹೊರಡಿಸಿದರು. ಜಾಡಿಯಲ್ಲಿರುವ ಮೂಸ್‌ನ ಪರೀಕ್ಷೆ ನಾಲಿಗೆಯಿಂದ ನಡೆಯತಕ್ಕದ್ದು. ಸಮಿತಿಯಲ್ಲಿ ಮೂವರು, ಅವರಲ್ಲಿ ಒಬ್ಬರು ಹೊರಗಿನವರು. ಬಿಸಿ ಮಾಡಲು ಅಡ್ಡಿಯಿಲ್ಲ. ಆಲೂಗಡ್ಡೆಯನ್ನು ಪ್ರಯೋಗ ಸಾಮಗ್ರಿಯೆಂದು ಪರಿಗಣಿಸಲಾಗುವುದು.

ಹೊರಗಿನವನಾಗಲು ಮೇಯರ್ ಹಿಸ್ಕಾಕ್ ಕರೆಯದೆಯೇ ಬಂದ. ಮೂವತ್ತೊಂಬತ್ತು ಮನೆಗಳಲ್ಲೂ ಹೊರಗಿನವನು ಅವನೇ. ಕೋಟಿನ ಗುಂಡಿಗಳನ್ನು ಮೊದಲೇ ಬಿಚ್ಚಿಕೊಂಡಿದ್ದ.

"ಒಂದು ಜಾಡಿ ತೆಗಿ ಮೆಲ್ವೀನಾ," ಎಂದ.

"ಒಂದ್ರಲ್ಲಿ ಏನನ್ನ ಏನಕ್ಕೆ ಹೋಲಿಸ್ತೀರಾ ಮೇಯರ್ರೇ? ಎರಡು ಬೇಕು."

ಇದು ವೈಜ್ಞಾನಿಕವಾಗಿ ಸರಿಯಾಗಿತ್ತು. ವೀಕ್ಷಕಿಯಾಗಿ ಕುಳಿತಿದ್ದ ಕುಮಾರಿ ಬ್ರೆಂಟನ್ ತಲೆಯಾಡಿಸಿದಳು. ಮುಚ್ಚಳ ಟಪ್ಪೆಂದಿತು. ಈರುಳ್ಳಿಯ ವಾಸನೆ ಇಡೀ ಮನೆಯಲ್ಲಿ ಹರಡಿತು. ಸೆಲ್ಬಿ ಮೊದಲ ಚಮಚ ಬಾಯಿಗಿಟ್ಟು ಕಣ್ಣುಮುಚ್ಚಿದ. ಐದು ವರ್ಷವಾಗಿತ್ತು. ಯಾರೂ ಅವನನ್ನು ಅವಸರಪಡಿಸಲಿಲ್ಲ.

"ಹೇಗಿದೆ?" ಕುಮಾರಿ ಬ್ರೆಂಟನ್ ಕೇಳಿದಳು, ಪೆನ್ನು ಎತ್ತಿ ಹಿಡಿದು.

"ಇನ್ನೂ ಖಚಿತವಾಗಿಲ್ಲ," ಎಂದ ಸೆಲ್ಬಿ, ತಟ್ಟೆ ಮುಂದೆ ಚಾಚುತ್ತಾ.

"ವೀಕ್ಷಕರೂ ಒಂಚೂರು ನೋಡ್ಲಿ," ಎಂದು ಮೆಲ್ವೀನಾ ಅವಳ ತಟ್ಟೆಗೂ ಬಡಿಸಿದಳು. "ವರದಿ ಒಣಗಿರಬಾರ್ದು."

ಎರಡೂ ಜಾಡಿ ಖಾಲಿಯಾದ ಮೇಲೆ ಅವು ಒಂದೇ ಥರ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಸಂಗ್ರಹದಿಂದ ತೆಗೆದ ವಸ್ತುವನ್ನು ಎಲ್ಲಿಗೆ ಸಾಗಿಸುವುದೆಂಬ ಪ್ರಶ್ನೆಯೂ ಏಳಲಿಲ್ಲ.

ಈಗ ಗ್ಯಾನೆಟ್ ಆರ್ಮ್‌ನಲ್ಲಿ ಇದೇ ಪದ್ಧತಿ. ಕುಮಾರಿ ಬ್ರೆಂಟನ್ ಕೇಳಿಕೊಂಡು ಊರಿಗೇ ವರ್ಗವಾಗಿ ಬಂದಿದ್ದಾಳೆ, ಬೂಟು ಹಳತಾಗಿದೆ. ಮೇಯರ್ ಎರಡು ಸಲ ಬೆಲ್ಟು ಬದಲಿಸಿದ್ದಾನೆ. ಬಂದೂಕುಗಳ ಅನುಮೋದಿತ ಪಟ್ಟಿ ಕೊನೆಗೂ ಬಂತು. ಅದನ್ನು ಯಾರೂ ತೆರೆದು ನೋಡಲಿಲ್ಲ. ಭಾನುವಾರ ಸಂಜೆ ಮನೆಮನೆಯಲ್ಲೂ ದೀಪ ಹಚ್ಚಿ, ಮಕ್ಕಳ ಕೈ ತೊಳೆಸಿ, ಮೇಜಿನ ಸುತ್ತ ಕೂರಿಸುತ್ತಾರೆ. ಮನೆಯ ಹಿರಿಯರು ತಲೆ ತಗ್ಗಿಸಿ, ಊಟದ ಪ್ರಾರ್ಥನೆಯ ಧಾಟಿಯಲ್ಲಿ, ಜಾಡಿ ಪರೀಕ್ಷೆಯ ಠರಾವು ಓದುತ್ತಾರೆ. ಆಮೆನ್ ಎನ್ನುವ ಕಡೆ ಎಲ್ಲರೂ ಒಂದೇ ಸ್ವರದಲ್ಲಿ "ಸರ್ವಾನುಮತ" ಎಂದು ಹೇಳಿ ಚಮಚ ಎತ್ತಿಕೊಳ್ಳುತ್ತಾರೆ.